ಬಾಗಿಲ ಹಿಂದೆ ಉಳಿದ ಟೆಂಟ್ ಕಂಬಿಗಳು

ಜಾಂಬುಘೋಡಾ ಕಾಡಿನಂಚಿನ ಬಯಲಿನಲ್ಲಿ ಟೆಂಟ್ ಬಿಚ್ಚಿದರೆ ಬಟ್ಟೆ ಇತ್ತು, ಗೂಟಗಳಿದ್ದವು, ಅದನ್ನು ಎತ್ತಿ ನಿಲ್ಲಿಸುವ ಕಂಬಿಗಳೇ ಇರಲಿಲ್ಲ. ಹೊತ್ತು ಮುಳುಗುತ್ತಿತ್ತು. ವಡೋದರಾದ ಮನೆಯಲ್ಲಿ ಟೆಂಟ್ ಪ್ಯಾಕ್ ಮಾಡಿದವಳು ನಾನೇ.

"ಬೆಳಿಗ್ಗೆನೇ ನೋಡಿದ್ದೆ ಅಮ್ಮಾ, ಬಾಗಿಲ ಹಿಂದೆ ಇತ್ತು," ಎಂದಳು ಒಂಬತ್ತು ವರ್ಷದ ಮಗಳು ತಣ್ಣಗೆ.

"ಹೇಳ್ಬಾರದಿತ್ತೇನೇ?" ಎಂದು ರೇಗಿದೆ.

"ಮರೆತವರಿಗೆ ಯಾರೂ ನೆನಪು ಮಾಡ್ಬಾರ್ದು ಅಂತ ನೀನೇ ಹೇಳಿದ್ದಲ್ವಾ? ರೂಲ್ ತೋ ರೂಲ್ ಹೈ ನಾ!"

ಅವಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಕಲಿಸುವ ನಾನು, ಜವಾಬ್ದಾರಿ ಬರಲಿ ಎಂದು ಮಾಡಿದ ನಿಯಮವದು. ಹಿಂದಿನ ಪ್ರವಾಸಕ್ಕೆ ಅವಳು ಸ್ವೆಟರ್ ಮರೆತಾಗ ನಾನು ನೋಡಿಯೂ ಬಾಯಿ ಬಿಟ್ಟಿರಲಿಲ್ಲ. ನಮ್ಮ ಯಜಮಾನರು ಮುಖ ತಿರುಗಿಸಿ ನಗುತ್ತಿದ್ದರು. ಪಕ್ಕದ ಟೆಂಟಿನ ಗುಜರಾತಿ ಅಜ್ಜಿ ವಿಷಯ ಕೇಳಿ ಬಿದ್ದು ಬಿದ್ದು ನಕ್ಕು, ಬಟ್ಟೆ ಒಣಹಾಕುವ ಹಗ್ಗ ಕೊಟ್ಟರು. ಅದನ್ನು ಎರಡು ಮರಗಳಿಗೆ ಕಟ್ಟಿ ಟೆಂಟನ್ನು ಇಳಿಬಿಟ್ಟೆವು. ಗಂಟು ಹಾಕಿದ್ದು ಮಗಳೇ.

ಮನೆಗೆ ಬಂದ ಕೂಡಲೇ ಆ ನಿಯಮ ರದ್ದು ಮಾಡಿದೆ. ಈಗ ನಾನು ಹಾಲು ತರಲು ಹೊರಟರೂ ಅವಳು ಬಾಗಿಲಿಗೆ ಅಡ್ಡ ನಿಂತು ಕೇಳುತ್ತಾಳೆ: "ಅಮ್ಮಾ, ಕಂಬಿ ತಗೊಂಡ್ಯಾ?"