ಬಟ್ಟಲಿನಿಂದ ಬಾಯಿಗೆ

ಅಮ್ಮನಿಗೆ ಉಣ್ಣಿಸಿ ಉಣ್ಣಿಸಿ ನನಗೆ ಅನ್ನದ ವಾಸನೆಯೇ ಬೇಡವಾಗಿದ್ದ ಕಾಲವೊಂದಿತ್ತು. ಹೀಗೆ ಹೇಳಿದರೆ ಕೇಳಿದವರು ಮುಖ ಕಿವುಚುತ್ತಾರೆ. ಕಿವುಚಲಿ. ಕಾಯಿಲೆಯವರನ್ನು ಮೂರು ಹೊತ್ತು ನೋಡಿಕೊಂಡವರಿಗೆ ಗೊತ್ತು, ಪ್ರೀತಿ ಇದ್ದರೂ ಸೊಂಟ ನೋಯುತ್ತದೆ, ಸಿಟ್ಟು ಬರುತ್ತದೆ. ನನಗಂತೂ ಪ್ರೀತಿ, ಸಿಟ್ಟು ಎರಡೂ ಬಹಳ ಇದ್ದವು.

ಅರವತ್ತರ ದಶಕದ ಮೊದಲ ವರ್ಷಗಳು. ನಾನು ಟೀಚರ್ ಟ್ರೈನಿಂಗ್ ಮುಗಿಸಿ ನರಿಕೊಂಬಿನ ನಮ್ಮ ಮನೆಯಲ್ಲಿ ಕೆಲಸಕ್ಕೆ ಕಾಯುತ್ತಿದ್ದೆ. ಮಿಜಾರಿನ ಕಡೆಯ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿತು ಎಂದು ತಿಳಿದ ವಾರದಲ್ಲೇ ಅಮ್ಮ ಬಾವಿಕಟ್ಟೆಯ ಹತ್ತಿರ ಕುಸಿದು ಬಿದ್ದಳು. ಬಲಗೈ, ಬಲಗಾಲು ಎರಡೂ ಹೋದವು, ಬಾಯಿ ಸೊಟ್ಟಗಾಯಿತು. ಪಾರ್ಶ್ವವಾಯು. ಮಾತು ಬೇಗ ಮರಳಿತು, ಆದರೆ ತೊದಲು. ಬೈಗುಳ ಮಾತ್ರ ಮೊದಲಿನಷ್ಟೇ ಸ್ಪಷ್ಟವಾಗಿತ್ತು! ಕಾಲು ಸಹ ನಿಧಾನವಾಗಿ ಗೋಡೆ ಹಿಡಿದು ನಡೆಯುವಷ್ಟಾಯಿತು. ಕೈ ಹಾಗೆಯೇ ಮಡಿಲಲ್ಲಿ ಬಿದ್ದುಕೊಂಡಿತ್ತು.

ಅಣ್ಣ ಬೊಂಬಾಯಿಯ ಹೋಟೆಲಿನಲ್ಲಿದ್ದ. ಮನೆಯಲ್ಲಿ ಅತ್ತಿಗೆ, ಅವಳ ಕೈಕೂಸು, ಗದ್ದೆ, ದನ. ಅತ್ತಿಗೆ ಒಳ್ಳೆಯವಳು. "ಶಾಲೆ ತೆರೆಯುವಾಗ ನೀನು ಹೋಗಲೇಬೇಕು. ಅತ್ತೆ ಅವರಷ್ಟಕ್ಕೆ ಒಂದು ಉಂಡರೆ ಸಾಕು, ಬಾಕಿದ್ದು ನಾನು ಸುಧಾರಿಸ್ತೇನೆ" ಅಂದಳು. ಅಮ್ಮ ತನ್ನ ಕೈಯಿಂದ ಉಂಡರೆ ನನಗೆ ಕೆಲಸ, ಇಲ್ಲದಿದ್ದರೆ ಇಲ್ಲ. ಲೆಕ್ಕ ಅಷ್ಟು ಸರಳವಾಗಿತ್ತು.

ಎಡಗೈ ಇತ್ತಲ್ಲ ಎನ್ನುತ್ತೀರಿ. ಇತ್ತು, ಗಟ್ಟಿಯಾಗಿಯೇ ಇತ್ತು. ಆದರೆ ನಮ್ಮಲ್ಲಿ ಎಡಗೈಯಲ್ಲಿ ಕೊಡುವುದಿಲ್ಲ, ತೆಗೆದುಕೊಳ್ಳುವುದಿಲ್ಲ, ಉಣ್ಣುವ ಮಾತಂತೂ ಎತ್ತುವುದೇ ಇಲ್ಲ. ನಾನು ಒಮ್ಮೆ ಎತ್ತಿ ನೋಡಿದೆ.

"ಥೂ! ಅದರಲ್ಲಿ ಉಣ್ಣುವುದಾ? ಅದಕ್ಕಿಂತ ಸಾಯ್ತೇನೆ" ಅಂದಳು.

"ಚಮಚದಲ್ಲಿ?"

"ಚಮಚ ಹಿಡಿಯುವ ಕೈ ಯಾವುದು ಮಾರಾಯ್ತಿ?"

ಹುಲಿ ಹಸಿದರೂ ಹುಲ್ಲು ತಿನ್ನುವುದಿಲ್ಲ. ಹುಲಿಗೆ ಉಣ್ಣಿಸುವವಳು ನಾನು. ಬಂದ ನೆಂಟರೆಲ್ಲ ತಾವೂ ಒಂದೊಂದು ತುತ್ತು ಕೊಟ್ಟು, ಆ ಬಲಗೈಗೆ ಎಣ್ಣೆ ತಿಕ್ಕಿ, "ಪಾಪ, ಅದಕ್ಕೆ ಆಯಾಸ ಮಾಡಬೇಡಿ" ಎಂದು ತಲೆದಿಂಬಿನ ಮೇಲಿಟ್ಟು ಹೋಗುತ್ತಿದ್ದರು. ಕೈಗೆ ರಾಜೋಪಚಾರ ನಡೆಯುತ್ತಿತ್ತು.

ಕೊನೆಗೆ ಗಾಡಿಯಲ್ಲಿ ಸೇತುವೆ ದಾಟಿಸಿ ಬಂಟ್ವಾಳ ಪೇಟೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಕೈಯ ಕೆಳಗೆ ಇಟ್ಟುಕೊಂಡೇ ತಂದಿದ್ದ ತಲೆದಿಂಬನ್ನು ಅವರು ತೆಗೆದು ಬದಿಗೆ ಬಿಸಾಡಿದರು.

"ಕೈಗೆ ಏನೂ ಆಗ್ಲಿಲ್ಲ. ಆದದ್ದು ಇಲ್ಲಿ" ಎಂದು ಅಮ್ಮನ ತಲೆಯ ಎಡಭಾಗ ಮುಟ್ಟಿ ತೋರಿಸಿದರು. "ಬಲಗೈಗೆ ಏಳು, ಮಡಚು ಅಂತ ಹೇಳುವ ಜೀವಕೋಶಗಳು ಮೆದುಳಲ್ಲಿ ಈ ಕಡೆ ಉಂಟು. ರಕ್ತ ಸಿಗದೆ ಕೆಲವು ಸತ್ತಿವೆ. ಸತ್ತದ್ದು ಬರುವುದಿಲ್ಲ. ಆದ್ರೆ ಸುತ್ತ ಬದುಕಿದವು ಉಂಟಲ್ಲ, ಅವು ಆ ಕೆಲಸ ಕಲಿಯುವುದುಂಟು. ನೆರೆಗೆ ರಸ್ತೆ ಕೊಚ್ಚಿ ಹೋದ್ರೆ ಜನ ಗದ್ದೆ ಬದುವಲ್ಲಿ ನಡೆದೂ ನಡೆದೂ ದಾರಿ ಬೀಳುವುದಿಲ್ವಾ, ಹಾಗೆ. ನಡೆಯದಿದ್ರೆ ಹುಲ್ಲು ಬೆಳೀತದೆ. ನೀವು ಉಣ್ಣಿಸಿ ಉಣ್ಣಿಸಿ ಹುಲ್ಲು ಬೆಳೆಸ್ತಾ ಇದ್ದೀರಿ."

"ಕೈ ಬರ್ತದಾ ಡಾಕ್ಟ್ರೇ?"

"ಬರ್ತದೆ ಅಂತ ಹೇಳ್ಲಿಕ್ಕೆ ನಾನು ದೇವರಲ್ಲ. ಕೆಲಸ ಕೊಡದಿದ್ರೆ ಬರುವುದಿಲ್ಲ, ಅದು ಗೊತ್ತು."

ಮರುದಿನದಿಂದ ನಾನು ಉಣ್ಣಿಸುವುದನ್ನು ನಿಲ್ಲಿಸಿದೆ. ಅಮ್ಮನನ್ನು ಚಾವಡಿಯ ನೆಲದಲ್ಲಿ ಕೂರಿಸಿ, ಮೊಣಕಾಲಿನ ಮುಂದೆ ಬಟ್ಟಲಿಟ್ಟು, ಅವಳ ಬಲಗೈಯನ್ನು ಅದರ ಅಂಚಿಗೆ ತಂದು ಬಿಡುತ್ತಿದ್ದೆ. ಭುಜ ಏಳುತ್ತಿತ್ತು, ಮೊಣಕೈ ಅರ್ಧ ಮಡಚುತ್ತಿತ್ತು, ಬೆರಳು ಮಾತ್ರ ಜಪ್ಪಯ್ಯ ಅಂದರೂ ಅಲುಗುತ್ತಿರಲಿಲ್ಲ. ಉಂಡದ್ದಕ್ಕಿಂತ ಚೆಲ್ಲಿದ್ದು ಹೆಚ್ಚು. ತೀರಾ ಸುಸ್ತಾದ ಮೇಲೆ ನಾನು ಗಂಜಿ ತಿಳಿ ಕುಡಿಸುತ್ತಿದ್ದೆ, ತುತ್ತು ಕೊಡುತ್ತಿರಲಿಲ್ಲ. ಆಮೇಲೆ ನೆಲ ಒರೆಸಬೇಕು, ಸೀರೆ ಒಗೆಯಬೇಕು. ಉಣ್ಣಿಸುವುದೇ ಸುಲಭವಿತ್ತು ದೇವರೇ, ಅನಿಸುತ್ತಿತ್ತು.

ಪಕ್ಕದ ಚಾಪೆಯಲ್ಲಿ ಅತ್ತಿಗೆಯ ಮಗುವಿಗೂ ಅದೇ ಪಾಠ. ಅದೂ ಅನ್ನವನ್ನು ಕಿವಿಗೆ, ಕಣ್ಣಿಗೆ ಮೆತ್ತಿಕೊಳ್ಳುತ್ತಿತ್ತು. ಅದರ ಪುಟ್ಟ ತಲೆಯೊಳಗೆ ದಾರಿ ಮೊದಲ ಸಲ ಬೀಳುತ್ತಿತ್ತು, ಅಮ್ಮನ ತಲೆಯೊಳಗೆ ಎರಡನೆಯ ಸಲ. ಮಗು ಚೆಲ್ಲಿದರೆ ನಗುತ್ತಿತ್ತು, ಅಮ್ಮ ಚೆಲ್ಲಿದರೆ ಅಳುತ್ತಿದ್ದಳು. ಸ್ವಲ್ಪ ಸಮಯದಲ್ಲೇ ಮಗು ಬಾಯಿಯ ದಾರಿ ಕಂಡುಕೊಂಡಿತು.

"ಹಲ್ಲಿಲ್ಲದ್ದಕ್ಕೆ ಬರ್ತದೆ, ನನಗೆ ಬರುವುದಿಲ್ಲ!" ಎಂದು ಅಮ್ಮ ಎಡಗೈಯಿಂದ ಬಟ್ಟಲನ್ನು ದೂಡಿದಳು. ಅದು ಅಂಗಳದವರೆಗೆ ಉರುಳಿತು.

ಆ ಹೊತ್ತಿಗೇ ನೆರೆಮನೆಯ ಮುದುಕಿ ಬರಬೇಕೇ! "ಹೆತ್ತ ತಾಯಿಗೆ ಒಂದು ತುತ್ತು ಕೊಡ್ಲಿಕ್ಕೆ ಆಗುವುದಿಲ್ಲ ಇವಳಿಗೆ. ಕಲಿತವಳಂತೆ!" ಅಂದರು.

"ಹೌದು, ಆಗುವುದಿಲ್ಲ. ನಾಳೆಯಿಂದ ಮೂರು ಹೊತ್ತೂ ನೀವೇ ಬನ್ನಿ" ಅಂದೆ. ಅವರು ಮತ್ತೆ ಬರಲಿಲ್ಲ. ಹೇಳುವವರಿಗೇನು, ಬಾಯಿ ಉಂಟು. ನಾನು ಹಟ್ಟಿಯ ಹಿಂದೆ ಹೋಗಿ, ದನದ ಬೆನ್ನಿಗೆ ಹಣೆಯಿಟ್ಟು ಜೋರಾಗಿ ಅತ್ತೆ. ಶಾಲೆ ತೆರೆಯಲು ಹೆಚ್ಚು ಸಮಯವಿರಲಿಲ್ಲ.

ಬೆರಳು ಬಂದದ್ದು ಒಂದು ಮಧ್ಯಾಹ್ನ. ಮೊದಲು ಹೆಬ್ಬೆರಳು, ಅದರ ಜೊತೆಗೆ ಇನ್ನೆರಡು. ಸೊಟ್ಟಸೊಟ್ಟವಾಗಿ ಒಂದಿಷ್ಟು ಅನ್ನ ಹಿಡಿದು, ನಡುಗುತ್ತ ಬಾಯಿಗೆ ಹೋಯಿತು ಕೈ. ಹಿಡಿದ ಬೆರಳು ಬಿಚ್ಚಿಕೊಳ್ಳದ್ದರಿಂದ ಅಮ್ಮ ಹಲ್ಲಿನಿಂದಲೇ ಅನ್ನವನ್ನು ಎಳೆದುಕೊಂಡಳು. ಅತ್ತಿಗೆ ಕುಣಿಯುವುದೊಂದು ಬಾಕಿ. ನನಗೆ ಸಂತೋಷಪಡಲಿಕ್ಕೂ ತ್ರಾಣವಿರಲಿಲ್ಲ. ಗೋಡೆಗೆ ಒರಗಿದವಳು ಅಲ್ಲೇ ನಿದ್ದೆ ಹೋದೆ. ಎದ್ದಾಗ ಅಮ್ಮ ನನ್ನನ್ನೇ ನೋಡುತ್ತಿದ್ದಳು.

"ನೀನು ಕಲಿಸಿದ್ದು ಅಂತ ಎಣಿಸಬೇಡ. ಹಸಿವು ಕಲಿಸಿದ್ದು" ಅಂದಳು.

ಈಗ ಪತ್ರಿಕೆಗಳಲ್ಲಿ ನರಕೋಶ, ಅವುಗಳ ನಡುವಿನ ಹೊಸ ಜೋಡಣೆ ಎಂದೆಲ್ಲ ಬರೆಯುತ್ತಾರೆ. ಒಳ್ಳೆಯ ಮಾತು. ಆದರೆ ಮೆದುಳು ಮಹಾ ಜಿಪುಣ ಎಂಬುದನ್ನೂ ಯಾರಾದರೂ ಬರೆಯಬೇಕು. ಕೇಳಿದಷ್ಟೇ ಕೊಡುತ್ತದೆ. ಅಮ್ಮನ ಕೈ ಬಟ್ಟಲಿನಿಂದ ಬಾಯಿಗೆ ಹೋಗಲು ಕಲಿಯಿತು, ಬಾಯಿಯಿಂದ ಬಟ್ಟಲಿಗೆ ಇಳಿಯಲು ಕಲಿಯಿತು. ಜಡೆ ಹಾಕಲು ಬರಲಿಲ್ಲ, ರವಿಕೆಯ ಗುಂಡಿ ಹಾಕಲು ಬರಲಿಲ್ಲ.

ಹೊರಡುವ ಬೆಳಿಗ್ಗೆ ಅಮ್ಮ ಚಾವಡಿಯಲ್ಲಿ ಕೂತಿದ್ದಳು. ನಾನು ಟ್ರಂಕನ್ನು ಮೆಟ್ಟಿಲಲ್ಲಿಟ್ಟು ಬಂದು ಕಾಲು ಹಿಡಿದೆ. ಆಶೀರ್ವಾದ ಮಾಡಲು ಅವಳ ಬಲಗೈ ಎದ್ದಿತು, ನೇರ ಅವಳ ಬಾಯಿಗೆ ಹೋಯಿತು. ಮತ್ತೊಮ್ಮೆ ಎದ್ದಿತು, ಮತ್ತೆ ಬಾಯಿಗೆ. "ದರಿದ್ರದ್ದು!" ಎಂದು ಅದನ್ನು ಬೈದಳು. ಕಣ್ಣಲ್ಲಿ ನೀರು ತುಂಬಿತ್ತು.

"ಎಡಗೈಯಾದರೂ ಇಡು ಅಮ್ಮಾ, ಬಸ್ಸು ಹೋಗ್ತದೆ" ಅಂದೆ.

"ಬಾಯಿ ಮುಚ್ಚು."

ನಾನು ಇನ್ನಷ್ಟು ಹತ್ತಿರ ಸರಿದು, ಅವಳ ಮೊಣಕಾಲಿನ ಮುಂದೆ, ದಿನವೂ ಬಟ್ಟಲಿಡುವ ಜಾಗದಲ್ಲಿ ತಲೆಯಿಟ್ಟೆ. ಕೈ ತನ್ನ ದಾರಿಯಲ್ಲೇ ಇಳಿದು ಬಂದು ನನ್ನ ತಲೆಯ ಮೇಲೆ ಕೂತಿತು. ಮೂರು ಬೆರಳೂ ಕೂದಲನ್ನು ಗಟ್ಟಿಯಾಗಿ ಹಿಡಿದವು. ನಾನು ಏಳಲು ನೋಡಿದೆ, ಆಗಲಿಲ್ಲ. ಹಿಡಿದದ್ದನ್ನು ಬಿಡಲು ಆ ಕೈಗೆ ಇನ್ನೂ ಬರುತ್ತಿರಲಿಲ್ಲ.

ಅಮ್ಮ ಎಡಗೈಯಿಂದ ತನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ನನ್ನನ್ನು ಕಳುಹಿಸಿಕೊಟ್ಟಳು.