ಶಿವಕುಮಾರಿ ಹಿಡಿದ ಜಾಗ

ಸಾಂತಾಕ್ರೂಜ್‌ನ ಆ ಆಫೀಸಿನಲ್ಲಿ ಇಸಿಜಿ ಮಷೀನು ತಯಾರಿಸುತ್ತಾರೆ. ಶಿವಕುಮಾರಿ ಅಲ್ಲಿ ಸೇರಿ ಇಪ್ಪತ್ತಾರು ವರ್ಷವಾಯಿತು. ವಿಜಯಪುರದಿಂದ ಬಂದ ಹೊಸದರಲ್ಲಿ ಮಾಟುಂಗದ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿದ್ದು, ಲೋಕಲ್‌ನಲ್ಲಿ ನಿಂತೇ ಕಂಪ್ಯೂಟರಿನ ಸಿ ಭಾಷೆಯ ಪುಸ್ತಕ ಓದಿ ಮುಗಿಸಿದವಳು. ಎದೆಬಡಿತವನ್ನು ಅಂಕಿಗಳ ಸಾಲಾಗಿ ಹಿಡಿದಿಡುವ ಪ್ರೋಗ್ರಾಂ ಅವಳದೇ. ಅದು ಎಲ್ಲೂ ಕೈಕೊಟ್ಟದ್ದಿಲ್ಲ ಎಂಬುದು ಅವಳ ಸಣ್ಣ ಹೆಮ್ಮೆ.

ಹೋದ ವರ್ಷ ಮಷೀನಿಗೆ ಹೊಸ ಪರದೆ ಬಂತು. ಅದರ ಪ್ರೋಗ್ರಾಂ ಬರೆದವಳು ಸ್ನೇಹಲ್. ಬೆಳಗಾವಿ ಕಡೆಯವರ ಮಗಳು, ಹುಟ್ಟಿ ಬೆಳೆದದ್ದೆಲ್ಲ ಮುಂಬಯಿ. ಅವಳು ಬಳಸಿದ್ದು ಹೊಸ ಕಾಲದ ಭಾಷೆ. ಯಾರಿಗೂ ಬೇಡವಾದ ಮೆಮೊರಿಯನ್ನು ಅದು ತಾನೇ ಗುಡಿಸಿ ಬೇರೆ ಕೆಲಸಕ್ಕೆ ಕೊಡುತ್ತದೆ; ಆಫೀಸಿನಲ್ಲಿ ಅದಕ್ಕೆ ಕಸ ಗುಡಿಸುವುದು ಎನ್ನುತ್ತಾರೆ. ಸಿ ಭಾಷೆಯಲ್ಲಿ ಹಾಗಿಲ್ಲ. ಮೆಮೊರಿಯಲ್ಲಿ ಜಾಗವನ್ನು ಕೇಳಿ ಪಡೆಯಬೇಕು, ಮುಗಿದ ಮೇಲೆ ನೆನಪಿಟ್ಟು ಬಿಟ್ಟುಕೊಡಬೇಕು.

ಪರೀಕ್ಷೆಯ ದಿನ ವಯಸ್ಸಾದವರ ಎದೆಬಡಿತವೂ ಬೇಕೆಂದಾಗ ಶಿವಕುಮಾರಿ ತನ್ನ ತಾಯಿ ಚನ್ನವ್ವನನ್ನೇ ಕರೆತಂದಳು. ಹತ್ತು ನಿಮಿಷ ಗೆರೆ ಚೆನ್ನಾಗಿಯೇ ಓಡಿತು. ಆಮೇಲೆ ಒಮ್ಮೆಲೇ ಅಂಕುಡೊಂಕಾಯಿತು. ಬಡಿತ ಇನ್ನೂರ ಹನ್ನೆರಡು ಎಂದಿತು ಪರದೆ. ಶಿವಕುಮಾರಿ ಗಾಬರಿಯಿಂದ ತಾಯಿಯ ನಾಡಿ ಹಿಡಿದು ಎಣಿಸಿದಳು. ಎಪ್ಪತ್ತನಾಲ್ಕು.

"ನನ್ನ ಎದಿ ನೆಟ್ಟಗ ಐತಿ," ಎಂದಳು ಮಲಗಿದ್ದ ಚನ್ನವ್ವ. "ನಿಮ್ಮ ಮಷೀನ್ ಸೊಟ್ಟ ಐತಿ."

ಬಾಗಿಲಲ್ಲಿ ನಿಂತಿದ್ದ ಮ್ಯಾನೇಜರು, ಗಡಬಡ್ ಹಳೇ ಕೋಡಿನಲ್ಲೇ ಇರಬೇಕು ಎಂದು ಹೇಳಿ ಹೋದರು. ಶಿವಕುಮಾರಿಗೆ ಆ ಮಾತು ನಾಟಿತು. ಆದರೂ ಸಿಟ್ಟಾಗದೆ ಸ್ನೇಹಲ್‌ಳ ಪಕ್ಕ ಕುರ್ಚಿ ಎಳೆದು ಕೂತಳು.

"ಅಂಕಿ ತುಂಬೋ ಜಾಗ ಯಾರ ಕಡೆ ತಯಾರಾಗತೈತಿ?"

"ಮೇರೆ ಸೈಡ್, ನನ್ನ ಕಡೆನೇ, ಮ್ಯಾಡಮ್. ಅದರ ಅಡ್ರೆಸ್ ನಿಮ್ಮ ಸಿ ಕೋಡಿಗೆ ಕೊಡ್ತೀನಿ."

"ಕೊಟ್ಟ ಮ್ಯಾಲ ನೀ ಅದನ್ನ ಹಿಡ್ಕೊಂಡಿರ್ತೀಯೇನು?"

ಸ್ನೇಹಲ್ ತಡವರಿಸಿದಳು. "ಇಲ್ಲ... ಫಂಕ್ಷನ್ ಮುಗೀತು, ಬಿಟ್ಟೆ."

"ಹಂಗಾರ ಮತ್ತ ಶುರು ಮಾಡು. ಗೆರಿ ಚಲೋ ಓಡೂಮುಂದ ಬೇಕಂತಲೇ ಕಸ ಗುಡಸು, ನೋಡೂನು."

ಸ್ನೇಹಲ್ ಹಾಗೇ ಮಾಡಿದಳು. ನೆಟ್ಟಗೆ ಓಡುತ್ತಿದ್ದ ಚನ್ನವ್ವನ ಗೆರೆ ಆ ಕ್ಷಣವೇ ಕೆಟ್ಟಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ಜೋರಾಗಿ ನಕ್ಕುಬಿಟ್ಟರು. ತನ್ನ ಕಡೆ ಯಾರೂ ಹಿಡಿದಿಲ್ಲವೆಂದು ಹೊಸ ಭಾಷೆ ಆ ಜಾಗವನ್ನು ಪರದೆಯ ಅಕ್ಷರಗಳಿಗೆ ಕೊಟ್ಟಿತ್ತು. ಸಿ ಪ್ರೋಗ್ರಾಂ ಪಾಪ, ಹಳೇ ವಿಳಾಸ ನಂಬಿಕೊಂಡು ಅಲ್ಲೇ ಬರೆಯುತ್ತ, ಅಲ್ಲಿಂದಲೇ ಓದುತ್ತ ಇತ್ತು.

"ನಾನು ಹಿಡ್ಕೊಂಡ್ರೆ ಠೀಕ್ ಆಗುತ್ತಾ?"

"ಹಿಡ್ಕೊಂಡ್ರೂ ನಿನ್ನ ಭಾಷಾ ಅದನ್ನ ಸರಿಸಿ ಬ್ಯಾರೆ ಕಡೆ ಇಡಬಹುದು. ನನಗ ಗೊತ್ತಾಗೂದಿಲ್ಲ. ಜಾಗ ನಾ ತಗೋತೀನಿ, ನೀ ಬರೇ ಓದು. ಮಷೀನ್ ಬಂದ್ ಮಾಡೂಮುಂದ ಹೇಳು, ನಾ ಬಿಟ್ಟುಕೊಡ್ತೀನಿ."

ಊಟದ ಡಬ್ಬಿ ಬಿಚ್ಚುವುದನ್ನೂ ಮರೆತು ಇಬ್ಬರೂ ಕೂಡಿ ಬರೆದರು. ಮಧ್ಯಾಹ್ನ ಚನ್ನವ್ವನನ್ನು ಮತ್ತೆ ಮಲಗಿಸಿ, ಒಂದು ತಾಸಿನಲ್ಲಿ ಇಪ್ಪತ್ತು ಸಲ ಕಸ ಗುಡಿಸಿದರು. ಗೆರೆ ಅಲುಗಲಿಲ್ಲ. ಚನ್ನವ್ವನಿಗೆ ನಿದ್ದೆಯೇ ಹತ್ತಿತ್ತು.

ಮ್ಯಾನೇಜರು ಬಂದು ನೋಡಿ, ಹೊಸದಾಗಿ ಸೇರಿದವರಿಗೆಲ್ಲ ವಾರಕ್ಕೊಮ್ಮೆ ಇದನ್ನು ಕಲಿಸುತ್ತೀರಾ ಎಂದು ಕೇಳಿದರು. ಶಿವಕುಮಾರಿ ಬುಧವಾರ ಎಂದಳು, ಯೋಚಿಸುವ ಮೊದಲೇ. ಮೊದಲ ಪಾಠಕ್ಕೆ ಏನು ಹೇಳಬೇಕೆಂದು ಸ್ನೇಹಲ್ ಜೊತೆ ಮಾತಾಡುತ್ತಲೇ ಸ್ಟೇಷನ್ ತಲುಪಿದಳು. ಹಿಂದೆ ಬರುತ್ತಿದ್ದ ಚನ್ನವ್ವ ತನ್ನ ಎದೆಬಡಿತದ ಕಾಗದವನ್ನು ಉದ್ದಕ್ಕೆ ಬಿಚ್ಚಿ, ದಾರಿಯಲ್ಲಿ ಸಿಕ್ಕ, ತಮ್ಮ ಬಿಲ್ಡಿಂಗ್‌ನಲ್ಲೇ ಇರುವ ಗುರುಬಾಯಿಗೆ ತೋರಿಸುತ್ತ ನಿಂತುಬಿಟ್ಟಿದ್ದಳು.