ಕುರ್ಚಿ ಶೀಟಿನ ಒಡೆತನ

ಕುರ್ಚಿ, ಮೇಜು ಬಾಡಿಗೆಗೆ ಕೊಡುವ ಆ ಅಂಗಡಿಗೆ ಮಾವ ಯಜಮಾನರಾದರೂ ಆಳುತ್ತಿದ್ದವಳು ದೊಡ್ಡ ಸೊಸೆ. ಯಾವ ಕುರ್ಚಿ ಯಾವ ಸಭಾಂಗಣದಲ್ಲಿದೆ, ಯಾವ ಮೇಜಿನ ಕಾಲು ಕುಂಟು, ಎಲ್ಲವೂ ಅವಳ ತಲೆಯಲ್ಲಿ. ಫೋನೆತ್ತಿದ ಮಾವ, "ಒಂದ್ನಿಮಿಷ ಇರಿ, ನಮ್ಮ ಸೊಸೇನ ಕೇಳಿ ಹೇಳ್ತೀನಿ" ಎಂದಾಗ ಅವಳು ಬೇಕೆಂದೇ ಕೊಂಚ ತಡೆದು, ಚಾವಣಿ ನೋಡಿ, ಆಮೇಲೆ ಉತ್ತರ ದಯಪಾಲಿಸುತ್ತಿದ್ದಳು. ಆ ಮಾತೇ ಅವಳ ಕಿರೀಟ.

ಕಿರೀಟಕ್ಕೆ ಕೈ ಹಾಕಿದವಳು ಹೊಸದಾಗಿ ಬಂದ ಚಿಕ್ಕ ಸೊಸೆ. ಒಂದು ಬೆಳಿಗ್ಗೆ ಗಲ್ಲಾದ ಕಂಪ್ಯೂಟರಿನಲ್ಲಿ ಆನ್‌ಲೈನ್ ಸ್ಪ್ರೆಡ್‌ಶೀಟ್ ತೆರೆದು, ಮೇಲಿನ ಸಾಲಿನಲ್ಲಿ ತಾರೀಕು, ಗಿರಾಕಿ, ಕುರ್ಚಿ, ಮೇಜು, ವಾಪಸ್ ಎಂದು ಬರೆದು, ಎಷ್ಟು ಕೆಳಗೆ ಸರಿದರೂ ಆ ಸಾಲು ಅಲ್ಲಾಡದಂತೆ ನಿಲ್ಲಿಸಿ, ಎಲ್ಲರ ಫೋನಿಗೂ ಲಿಂಕ್ ಕಳಿಸಿದಳು.

"ಯಾರು ಬೇಕಾದ್ರೂ ತುಂಬಬಹುದು, ತಿದ್ದಬಹುದು. ಇನ್ಮೇಲೆ ಅಕ್ಕನಿಗೆ ತೊಂದ್ರೆ ಇಲ್ಲ."

"ನಂಗೆ ತೊಂದ್ರೆ ಅಂತ ನಿಂಗ್ಯಾರೇ ಹೇಳಿದ್ದು?" ದೊಡ್ಡವಳು ನಗುತ್ತಲೇ ಕೇಳಿದಳು.

ಮಾವ ಪರದೆ ನೋಡಿ ಉತ್ತರಿಸತೊಡಗಿದರು. ವ್ಯಾನ್ ಓಡಿಸುವ ಮೈದುನ ಅತ್ತಿಗೆಯನ್ನು ಕೇಳುವುದು ಬಿಟ್ಟು ಫೋನ್ ತಿಕ್ಕತೊಡಗಿದ. ಇಡೀ ದಿನ ಯಾರೂ ಏನೂ ಕೇಳದಿದ್ದಾಗ ಅವಳು ಚಾವಣಿಯನ್ನು ಸುಮ್ಮಸುಮ್ಮನೆ ನೋಡಬೇಕಾಯಿತು.

ಒಂದು ಮಧ್ಯಾಹ್ನ ಗೋದಾಮಿನಲ್ಲಿ ಮಡಚಿಟ್ಟ ಮೇಜುಗಳ ಮರೆಗೆ ಕೂತು ಫೋನಿನಲ್ಲಿ ಶೀಟು ತೆರೆದು ಯುದ್ಧ ಸಾರಿದಳು. ಕುರ್ಚಿಯ ಕಾಲಂನಲ್ಲಿ ಒಂದೊಂದೇ ಅಂಕಿ ನೆಲಕ್ಕುರುಳಿತು. ಶೀಟು ಕೆಟ್ಟರೆ ಎಲ್ಲರೂ ತನ್ನ ಬಳಿಗೇ ಓಡಿಬರಬೇಕು ಎಂಬುದು ವ್ಯೂಹ. ಆದರೆ ಇಂಥ ಶೀಟಿನಲ್ಲಿ ಯಾರು ಯಾವ ಚೌಕದೊಳಗೆ ನಿಂತಿದ್ದಾರೆ ಎಂಬುದು ಹೆಸರಿನ ಬಣ್ಣದ ಚೀಟಿ ಸಮೇತ ಉಳಿದವರಿಗೆಲ್ಲ ಆ ಕ್ಷಣವೇ ಕಾಣುತ್ತದೆ ಎಂಬ ಸಂಗತಿ ಸೇನಾಪತಿಗೆ ಗೊತ್ತಿರಲಿಲ್ಲ. ಗಲ್ಲಾದ ಪರದೆಯ ಮುಂದೆ ಮಾವ, ಮೈದುನ, ಚಿಕ್ಕ ಸೊಸೆ ಬಾಯಿಬಿಟ್ಟುಕೊಂಡು ಕೂತಿದ್ದರು.

ಗೆದ್ದ ಹುಮ್ಮಸ್ಸಿನಲ್ಲಿ ಅವಳು ಖಾಲಿ ಚೌಕವೊಂದರಲ್ಲಿ ಟೈಪಿಸಿದಳು: 'ಈ ಶೀಟು ಹಾಳಾಗಿ ಹೋಗ್ಲಿ.'

ಕೆಳಗಿನ ಚೌಕದಲ್ಲಿ ತಾವಾಗಿಯೇ ಅಕ್ಷರಗಳು ಮೂಡಿದವು: 'ಅತ್ತಿಗೆ, ಅಪ್ಪನೂ ನೋಡ್ತಾ ಇದಾರೆ.'

ಹೊರಬಂದವಳಿಗೆ ಮಾವ ಕನ್ನಡಕ ಒರೆಸುತ್ತ, "ಏನಮ್ಮ, ಗೋದಾಮಲ್ಲಿ ಇಲಿ ಕಾಟ ಜಾಸ್ತಿ ಆಗಿದೆಯಂತಲ್ಲ" ಎಂದರು. ಚಿಕ್ಕವಳು ಶೀಟಿನ ಹಳೆಯ ಪ್ರತಿ ತೆರೆದು ಎಲ್ಲವನ್ನೂ ಮೊದಲಿನಂತೆ ಮಾಡಿದಳು, ಅಷ್ಟೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಇದು ಯಾರ ಹೆಸರಲ್ಲಿದೆ?" ಎಂದಳು ದೊಡ್ಡವಳು.

"ಮಾಡಿದ್ದು ನಾನಲ್ವಾ ಅಕ್ಕ, ನನ್ನ ಹೆಸರಲ್ಲಿದೆ."

"ನನ್ನ ಹೆಸರಿಗೆ ಮಾಡು."

"ಅಷ್ಟೇ ತಾನೆ? ತಗೊಳ್ಳಿ."

ಪಟ್ಟಕ್ಕೆ ಬಂದ ಕೂಡಲೇ ದೊಡ್ಡವಳು ಉಳಿದವರ ತಿದ್ದುವ ಹಕ್ಕನ್ನೂ ನೋಡುವ ಹಕ್ಕನ್ನೂ ಕಿತ್ತುಕೊಂಡಳು. ಮಾವ ಮತ್ತೆ ಫೋನ್ ಹಿಡಿದು ಅವಳತ್ತ ತಿರುಗಿದರು. ರಾಜ್ಯ ಮರಳಿ ಸಿಕ್ಕಿತ್ತು, ಆದರೆ ಚಿಕ್ಕವಳು ಇಷ್ಟು ಸಲೀಸಾಗಿ ಕೊಟ್ಟುಬಿಟ್ಟಳಲ್ಲ ಎಂಬುದು ಮುಳ್ಳಿನಂತೆ ಚುಚ್ಚುತ್ತಿತ್ತು. ಮೂಲೆಯಲ್ಲಿ ಚಿಕ್ಕವಳು ಫೋನ್ ನೋಡಿಕೊಂಡು ಮುಸಿಮುಸಿ ನಗುತ್ತಿದ್ದಳು.

"ಏನೇ ಅದು?"

"ಏನಿಲ್ಲ ಅಕ್ಕ, ಹೊಸದೇನೋ ಕಲೀತಾ ಇದೀನಿ."

ದೊಡ್ಡವಳು ಕುರ್ಚಿ ಎಳೆದುಕೊಂಡು ಅವಳ ಭುಜಕ್ಕೆ ಭುಜ ತಾಗಿಸಿ ಕೂತಳು.

"ಈಚೆ ತಿರುಗಿಸು, ನೋಡೋಣ."